ಕಳೆಯ ಹಗೇವು

ಗೋಧಿಯನ್ನು ಮೊರಕ್ಕೆ ಸುರಿದುಕೊಂಡು ಹಸನು ಮಾಡುವ ಪದ್ಧತಿ ಪಟ್ಟಣದ ಮನೆಗಳಲ್ಲಿ ಈಗ ಅಪರೂಪವಾಗುತ್ತಿದೆ. ಹಿಟ್ಟು ಪೊಟ್ಟಣಗಳಲ್ಲಿಯೇ ಬರುತ್ತದೆ. ಅದರ ಹಿಂದಿನ ಕಥೆಯನ್ನು ಕೇಳುವವರಿಲ್ಲ. ಆದರೂ ಕಾಳನ್ನೇ ಕೊಂಡುತಂದು ಗಿರಣಿಗೆ ಕಳುಹಿಸುವ ಮನೆಗಳು ಅಲ್ಲಲ್ಲಿ ಉಳಿದಿವೆ. ಅಂತಹ ಮನೆಯ ಗೃಹಿಣಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಲ್ಲು, ಹೊಟ್ಟು, ಮಣ್ಣಿನ ಸಣ್ಣ ಹೆಂಟೆಗಳನ್ನೆಲ್ಲ ಆರಿಸಿ ತೆಗೆದ ಮೇಲೂ ಮೊರದ ಅಂಚಿನಲ್ಲಿ ಕೆಲವು ಪುಟ್ಟ ಕಾಳುಗಳು ಉಳಿದುಕೊಳ್ಳುತ್ತವೆ. ಕೆಲವು ದುಂಡಗೆ, ಕಪ್ಪಗೆ ಇರುತ್ತವೆ. ಇನ್ನು ಕೆಲವು ಚಪ್ಪಟೆಯಾಗಿ, ಬೂದುಬಣ್ಣದಿಂದ ಹೊಳೆಯುತ್ತವೆ. ಅವು ಗೋಧಿಯಲ್ಲ, ಅಡಿಗೆಗೆ ಬರುವ ಬೇರಾವ ಧಾನ್ಯವೂ ಅಲ್ಲ. ಬೆರಳಿನಿಂದ ಒತ್ತರಿಸಿ ಹಿತ್ತಿಲಿಗೆ ಎಸೆದರೆ ಅಲ್ಲಿಗೆ ಕೆಲಸ ಮುಗಿಯಿತು.

ಹೊಲದಲ್ಲಿ ಅದು ಅಷ್ಟು ಸುಲಭವಾಗಿ ಮುಗಿಯುವ ಕೆಲಸವಲ್ಲ. ಮೊರದವರೆಗೆ ಬಂದದ್ದು, ಗೋಧಿಯೊಡನೆ ಕೊಯ್ಲಾಗಿ, ಒಕ್ಕಣೆಯಾಗಿ, ಚೀಲ ಸೇರಿದ ನಾಲ್ಕಾರು ಕಳೆಬೀಜ ಮಾತ್ರ. ಅವುಗಳ ಒಡಹುಟ್ಟಿದವು ನೂರುಗಟ್ಟಲೆಯಾಗಿ ಕೊಯ್ಲಿಗೆ ಮೊದಲೇ ಉದುರಿ ನೆಲವನ್ನು ಸೇರಿರುತ್ತವೆ. ಹಿಂದಿನ ಕಾಲದಲ್ಲಿ ಬಯಲುಸೀಮೆಯ ರೈತರು ಜೋಳ, ರಾಗಿಗಳನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಬರಗಾಲ ಬಂದಾಗ ತೆಗೆದು ಉಣ್ಣುತ್ತಿದ್ದರು. ಕಳೆಗಳೂ ಹಗೇವು ತುಂಬುತ್ತವೆ. ಆ ಹಗೇವಿಗೆ ಗೋಡೆಯಿಲ್ಲ, ಮುಚ್ಚಳವಿಲ್ಲ. ಹೊಲದ ಮೇಲ್ಮಣ್ಣೇ ಅದರ ಉಗ್ರಾಣ. ಒಂದು ವರ್ಷದ ಕಳೆಯನ್ನು ಒಂದೂ ಬಿಡದೆ ಕಿತ್ತರೂ ಮುಂದಿನ ವರ್ಷ ಹೊಲ ಹಸಿರಾಗುವುದು ಈ ಉಗ್ರಾಣದ ದೆಸೆಯಿಂದ. ಆದುದರಿಂದ ಏಕದಳ ಧಾನ್ಯಗಳನ್ನು ಬೆಳೆಯುವ ರೈತನು ಮೊದಲು ಕೇಳಿಕೊಳ್ಳಬೇಕಾದುದು ಕಳೆಯನ್ನು ಹೇಗೆ ಕೀಳುವುದೆಂದಲ್ಲ. ಮಣ್ಣಿನೊಳಗೆ ಮಲಗಿರುವ ಬೀಜ ಯಾವಾಗ ಕಣ್ತೆರೆಯುತ್ತದೆ, ಆ ಗಳಿಗೆಯನ್ನು ಹಿಂದುಮುಂದು ಮಾಡುವ ಉಪಾಯವೇನಾದರೂ ತನ್ನ ಕೈಯಲ್ಲಿದೆಯೇ ಎಂದು.

ಬೆಳೆಯ ಬೀಜಕ್ಕೂ ಕಳೆಯ ಬೀಜಕ್ಕೂ ಇರುವ ಮುಖ್ಯವಾದ ವ್ಯತ್ಯಾಸ ಇಲ್ಲಿಯೇ ಇದೆ. ಗೋಧಿಯನ್ನಾಗಲಿ ರಾಗಿಯನ್ನಾಗಲಿ ಬಿತ್ತಿ ನೀರು ಸಿಕ್ಕಿತೆಂದರೆ ಕೆಲವೇ ದಿನಗಳಲ್ಲಿ ಎಲ್ಲ ಕಾಳುಗಳೂ ಒಟ್ಟಿಗೆ ಮೊಳೆಯುತ್ತವೆ. ಇದು ಮನುಷ್ಯನು ಕಲಿಸಿದ ಶಿಸ್ತು. ಸಾವಿರಾರು ವರ್ಷಗಳ ಕಾಲ, ಬಿತ್ತಿದೊಡನೆ ಎದ್ದ ಬೀಜದ ಸಂತಾನವೇ ಕಣಕ್ಕೆ ಬಂತು. ಹಿಂದುಳಿದವುಗಳಿಗೆ ಬೇಸಾಯದಲ್ಲಿ ಸ್ಥಾನ ಸಿಗಲಿಲ್ಲ. ಕಳೆಗೆ ಈ ಪಾಠವನ್ನು ಯಾರೂ ಹೇಳಿಕೊಡಲಿಲ್ಲ. ಒಂದೇ ಗಿಡದ, ಒಂದೇ ತೆನೆಯ ಬೀಜಗಳಲ್ಲಿ ಕೆಲವು ಈ ವರ್ಷ, ಕೆಲವು ಮುಂದಿನ ವರ್ಷ, ಮತ್ತೆ ಕೆಲವು ಹತ್ತು ವರ್ಷಗಳ ಅನಂತರ ಏಳುತ್ತವೆ. ಮಳೆ ಕೈಕೊಟ್ಟರೆ, ಉಳುಮೆಯಲ್ಲಿ ಸಿಕ್ಕಿಕೊಂಡರೆ, ದನ ಮೇಯ್ದುಬಿಟ್ಟರೆ ಎಲ್ಲವೂ ಒಟ್ಟಿಗೆ ನಾಶವಾಗಬಾರದೆಂಬ ಮುಂದಾಲೋಚನೆ ಅವುಗಳ ರಕ್ತದಲ್ಲಿಯೇ ಇರುವಂತೆ ತೋರುತ್ತದೆ. ತೇವ, ಗಾಳಿ, ಶಾಖ ಎಲ್ಲವೂ ಇದ್ದರೂ ಮೊಳೆಯದೆ ಇರುವ ಈ ಸ್ಥಿತಿಯನ್ನು ಶಾಸ್ತ್ರಜ್ಞರು ಸುಪ್ತಾವಸ್ಥೆ ಎಂದು ಕರೆಯುತ್ತಾರೆ.

ಈ ನಿದ್ರೆ ಎಷ್ಟು ದೀರ್ಘವಾಗಿರಬಹುದು? ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರಜ್ಞನಿದ್ದ. ಎಷ್ಟು ವರ್ಷ ಬಿಡದೆ ಕಳೆ ಕಿತ್ತರೆ ಹೊಲ ಶುದ್ಧವಾದೀತು ಎಂಬ ರೈತರ ಪ್ರಶ್ನೆಗೆ ಊಹೆಯ ಉತ್ತರವನ್ನು ಕೊಡಲು ಅವನು ಒಪ್ಪಲಿಲ್ಲ. 1879ರಲ್ಲಿ ಇಪ್ಪತ್ತು ಸೀಸೆಗಳನ್ನು ತೆಗೆದುಕೊಂಡು, ಒಂದೊಂದರಲ್ಲಿಯೂ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಗಿಡಗಳ ತಲಾ ಐವತ್ತು ಬೀಜಗಳನ್ನು ಮರಳಿನೊಡನೆ ಬೆರೆಸಿ, ನೀರು ನಿಲ್ಲದಂತೆ ಬಾಯಿಯನ್ನು ಕೆಳಕ್ಕೆ ಓರೆಮಾಡಿ ಹೂಳಿಸಿದ. ಐದು ವರ್ಷಕ್ಕೊಂದು ಸೀಸೆಯನ್ನು ತೆಗೆದು ಬಿತ್ತಿ ನೋಡಬೇಕೆಂಬುದು ಅವನ ಏರ್ಪಾಡು. ಬೀಲ್ ತೀರಿಕೊಂಡ, ಅವನ ಶಿಷ್ಯರೂ ತೀರಿಕೊಂಡರು, ಬೀಜಗಳು ಮಾತ್ರ ತೀರಲಿಲ್ಲ. ಸೀಸೆಗಳು ಬೇಗ ಮುಗಿದುಹೋಗಬಾರದೆಂದು ಮುಂದಿನವರು ಅಂತರವನ್ನು ಹತ್ತು ವರ್ಷಕ್ಕೂ, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚಿಸಿದರು. ಕೊನೆಯದಾಗಿ ಒಂದು ಸೀಸೆಯನ್ನು ತೆಗೆದದ್ದು 2021ರಲ್ಲಿ. ಹೂಳಿ 142 ವರ್ಷಗಳು ಕಳೆದಿದ್ದರೂ ವರ್ಬಾಸ್ಕಂ ಜಾತಿಯ ಕಳೆಬೀಜಗಳು ಏನೂ ಆಗದವರಂತೆ ಮೊಳೆತುವು. ಇನ್ನೂ ಕೆಲವು ಸೀಸೆಗಳು ನೆಲದಲ್ಲಿವೆ. ಕಟ್ಟಕಡೆಯದರ ಸರದಿ 2100ರಲ್ಲಿ.

ಆ ಸೀಸೆಯನ್ನು ಅಗೆದು ತೆಗೆದ ರೀತಿಯೂ ಗಮನಿಸಬೇಕಾದುದು. ಬೆಳಗಾಗುವ ಮೊದಲು, ಕತ್ತಲೆಯಲ್ಲಿ, ಮಂಕಾದ ಹಸಿರು ದೀಪ ಹಿಡಿದುಕೊಂಡು ನಾಲ್ಕಾರು ಮಂದಿ ವಿಜ್ಞಾನಿಗಳು ಹಾರೆ ಗುದ್ದಲಿಗಳೊಡನೆ ಹೊರಟರು. ನೋಡಿದವರು ಕಳ್ಳರೆಂದುಕೊಂಡರೆ ತಪ್ಪಿಲ್ಲ. ಕಾರಣವಿಷ್ಟೆ: ಎಷ್ಟೋ ಬಗೆಯ ಕಳೆಬೀಜಗಳನ್ನು ಎಬ್ಬಿಸುವುದಕ್ಕೆ ಬಿಸಿಲಿನ ಒಂದು ಕ್ಷಣದ ಸೋಂಕು ಸಾಕು.

ಇದರ ಮರ್ಮ ಬಯಲಾದದ್ದು 1952ರಲ್ಲಿ. ಅಮೆರಿಕದ ಬೆಲ್ಟ್ಸ್‌ವಿಲ್ ಎಂಬಲ್ಲಿಯ ಸರಕಾರಿ ಕೃಷಿ ಸಂಶೋಧನಾಲಯದಲ್ಲಿ ಲೆಟ್ಯೂಸ್ ಸೊಪ್ಪಿನ ಬೀಜಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕನ್ನು ಬೀರಿ ನೋಡಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯಿತು. ಕೆಂಪಿನಿಂದಾಚೆಗೆ, ಕಣ್ಣಿಗೆ ಕಂಡೂ ಕಾಣದಂತಿರುವ ಕಡುಗೆಂಪು ಬೆಳಕು ಬಿದ್ದರೆ ಮತ್ತೆ ಮಲಗಿತು. ಒಂದಾದ ಮೇಲೊಂದರಂತೆ ಎರಡನ್ನೂ ಎಷ್ಟು ಸಲ ಬೀರಿದರೂ, ಕೊನೆಯಲ್ಲಿ ಬಿದ್ದ ಬೆಳಕಿನ ಮಾತನ್ನೇ ಬೀಜ ಕೇಳಿತು. ಹಸಿರೆಲೆಗಳು ಕೆಂಪನ್ನು ಹೀರಿಕೊಂಡು ಕಡುಗೆಂಪನ್ನು ಕೆಳಕ್ಕೆ ಬಿಟ್ಟುಕೊಡುವುದರಿಂದ, ದಟ್ಟವಾದ ಪೈರಿನ ನೆರಳಿನಲ್ಲಿ ಬಿದ್ದಿರುವ ಪುಟ್ಟ ಬೀಜಕ್ಕೆ ತನ್ನ ಮೇಲೆ ಬೇರೆ ಯಾರೋ ಆಗಲೇ ನಿಂತಿದ್ದಾರೆಂಬುದು ತಿಳಿದುಹೋಗುತ್ತದೆ. ಎದ್ದು ಫಲವಿಲ್ಲವೆಂದು ಅದು ಸುಮ್ಮನಿರುತ್ತದೆ. ಮಣ್ಣಿನ ಆಳದಲ್ಲಿ ಬೆಳಕೇ ಇಲ್ಲ, ಅಲ್ಲಿಯೂ ಸುಮ್ಮನಿರುತ್ತದೆ. ನೇಗಿಲು ಮಣ್ಣನ್ನು ಮಗುಚಿದಾಗ ಒಮ್ಮೆ ಬಿಸಿಲು ಮಿಂಚಿ ಮಾಯವಾದರೂ ಅದಕ್ಕೆ ಸಾಕು. ತುಳಸಿಯ ಕುಂಡದ ಮಣ್ಣನ್ನು ಸಡಿಲಿಸಿದ ವಾರದಲ್ಲಿಯೇ ಹೆಸರು ತಿಳಿಯದ ಹತ್ತಾರು ಮೊಳಕೆಗಳು ಕಾಣಿಸಿಕೊಳ್ಳುವುದನ್ನು ನೋಡಿ, ಬೀಜ ಎಲ್ಲಿಂದ ಹಾರಿ ಬಂತೋ ಎಂದು ಬೆರಗಾಗುವವರುಂಟು. ಅನೇಕ ವೇಳೆ ಅದು ಎಲ್ಲಿಂದಲೂ ಬಂದುದಲ್ಲ, ಕುಂಡದಲ್ಲಿಯೇ ಇದ್ದದ್ದು.

ಹಾಗಾದರೆ ರಾತ್ರಿಯೇ ಉಳುಮೆ ಮಾಡಿದರಾಗದೆ? ಜರ್ಮನಿಯ ಸಂಶೋಧಕರು ಅದನ್ನೂ ಮಾಡಿ ನೋಡಿದ್ದಾರೆ. 1990ರಲ್ಲಿ ಹಾರ್ಟ್‌ಮನ್ ಮತ್ತು ನೆಜಾದಲ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಹಗಲು ಉತ್ತ ನೆಲದ ಶೇಕಡ 80 ಭಾಗವನ್ನು ಕಳೆ ಮುಚ್ಚಿದ್ದರೆ ಇರುಳಿನಲ್ಲಿ ಉತ್ತ ನೆಲದಲ್ಲಿ ಅದು ಶೇಕಡ 2ಕ್ಕೆ ಇಳಿದಿತ್ತು. ಸುದ್ದಿ ಕೇಳಿದ ಇತರರು ತಮ್ಮ ತಮ್ಮ ದೇಶಗಳಲ್ಲಿ ಪ್ರಯೋಗವನ್ನು ಮತ್ತೆ ಮಾಡಿದಾಗ ಫಲ ಒಂದೇ ತೆರನಾಗಿ ಬರಲಿಲ್ಲ. ಕೆಲವೆಡೆ ಕಳೆ ಅರ್ಧಕ್ಕಿಳಿಯಿತು, ಕೆಲವೆಡೆ ಏನೂ ವ್ಯತ್ಯಾಸವಾಗಲಿಲ್ಲ. ಬೆಳಕಿನ ಹಂಗಿಲ್ಲದೆ ಮೊಳೆಯುವ ಕಳೆಗಳೂ ಬೇಕಾದಷ್ಟಿವೆ. ರಾತ್ರಿಯ ನಿದ್ದೆಗೆಟ್ಟು ನೇಗಿಲು ಹಿಡಿಯಬೇಕೆಂದು ರೈತನಿಗೆ ಉಪದೇಶ ಮಾಡುವಷ್ಟು ಪುರಾವೆ ಒದಗಿಲ್ಲ.

ಬೀಜವನ್ನು ಮಲಗಿಸುವುದು ಕಷ್ಟವಾದರೆ, ಅವೇಳೆಯಲ್ಲಿ ಎಬ್ಬಿಸುವುದು ಇನ್ನೊಂದು ದಾರಿ. ಇದರಲ್ಲಿ ಹಳೆಯ ಮೈಸೂರು ಸೀಮೆಯ ರಾಗಿಯ ರೈತನಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ಅಶ್ವಿನಿ, ಭರಣಿ ಮಳೆಗಳು ಬಿದ್ದೊಡನೆ ಅವನು ನೇಗಿಲು ಹೂಡುತ್ತಾನೆ. ರಾಗಿಯನ್ನು ಬಿತ್ತುವುದು ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ. ನಡುವಣ ಎರಡು ಮೂರು ತಿಂಗಳುಗಳಲ್ಲಿ ಪ್ರತಿಯೊಂದು ಹದಮಳೆಗೂ ಹೊಲದಲ್ಲಿ ಹಸಿರು ಚಿಗುರುತ್ತದೆ. ಪ್ರತಿಯೊಂದು ಚಿಗುರಿನ ಮೇಲೂ ಕುಂಟೆ ಹಾಯುತ್ತದೆ. ದಾರಿಹೋಕನಿಗೆ ಖಾಲಿ ಹೊಲದಲ್ಲಿ ಎತ್ತುಗಳು ಸುಮ್ಮನೆ ಸುತ್ತುತ್ತಿರುವಂತೆ ಕಾಣಬಹುದು. ವಾಸ್ತವವಾಗಿ ಅಲ್ಲಿ ಹಗೇವು ಸ್ವಲ್ಪಸ್ವಲ್ಪವಾಗಿ ಖಾಲಿಯಾಗುತ್ತಿರುತ್ತದೆ. ಕೂರಿಗೆ ಹೂಡುವ ದಿನಕ್ಕೆ, ಏಳಬೇಕಾಗಿದ್ದ ಬೀಜಗಳಲ್ಲಿ ಬಹುಭಾಗ ಎದ್ದು ಸತ್ತಿರುತ್ತವೆ. ಉಳಿದವುಗಳಿಗೆ ಎಡೆಕುಂಟೆ ಇದೆ, ಹೆಂಗಸರ ಕೈಯ ಕುಡುಗೋಲಿದೆ. ಅಷ್ಟಾದರೂ ಅಣ್ಣೆಸೊಪ್ಪು ತಲೆಯೆತ್ತದೆ ಬಿಡುವುದಿಲ್ಲ. ಅದನ್ನು ಸಾರಿಗೆ ಹಾಕಿಕೊಳ್ಳುವ ಜಾಣ್ಮೆ ಬೇರೆಯ ಮಾತು. ಕಾಡುರಾಗಿಯಂತೂ ಎಳೆಯದರಲ್ಲಿ ರಾಗಿಯನ್ನೇ ಹೋಲುತ್ತ, ಕಳೆ ಕೀಳುವವರ ಕಣ್ಣಿಗೆ ಮಣ್ಣೆರಚಿ ತೆನೆಯೊಡೆಯುವವರೆಗೂ ನಿಂತಿರುತ್ತದೆ.

ಜೋಳದ ಹೊಲವನ್ನು ಹಾಳುಮಾಡುವ ಸ್ಟ್ರೈಗಾ ಎಂಬ ಪರೋಪಜೀವಿಯ ವಿಷಯ ಇನ್ನೂ ವಿಚಿತ್ರವಾದುದು. ಅದರ ಬೀಜ ಧೂಳಿನ ಕಣದಷ್ಟು ಚಿಕ್ಕದು. ಒಂದೇ ಗಿಡದಿಂದ ಹತ್ತಾರು ಸಾವಿರ ಬೀಜಗಳುದುರುತ್ತವೆ. ಅದಕ್ಕೆ ಮಳೆಯೂ ಬಿಸಿಲೂ ಸಾಲವು. ಜೋಳದಂತಹ ಆಶ್ರಯದ ಗಿಡ ಹತ್ತಿರದಲ್ಲಿಯೇ ಬೇರು ಬಿಟ್ಟು, ಆ ಬೇರಿನಿಂದ ಒಸರುವ ಒಂದು ದ್ರವ್ಯ ತನ್ನನ್ನು ಮುಟ್ಟುವವರೆಗೂ ಅದು ವರ್ಷಗಟ್ಟಲೆ ಕಾಯುತ್ತದೆ. ಮುಟ್ಟಿತೆಂದರೆ ಎದ್ದು, ಬೇರಿಗೆ ಬಾಯಿ ಹಚ್ಚಿ, ಮಣ್ಣಿನ ಮೇಲೆ ತಾನು ಕಾಣಿಸಿಕೊಳ್ಳುವ ಮೊದಲೇ ಜೋಳವನ್ನು ಸೊರಗಿಸಿಬಿಡುತ್ತದೆ. ಇಂತಹ ದ್ರವ್ಯವನ್ನು ಮೊದಲು ಬೇರ್ಪಡಿಸಿ ತೋರಿಸಿದ್ದು 1966ರಲ್ಲಿ, ಅದೂ ಹತ್ತಿಯ ಬೇರಿನಿಂದ. ಗಿಡ ತನ್ನ ಶತ್ರುವನ್ನು ತಾನೇ ಏಕೆ ಕರೆಯಬೇಕು ಎಂಬ ಒಗಟು ಮಾತ್ರ ಬಹುಕಾಲ ಉಳಿದಿತ್ತು. 2005ರಲ್ಲಿ ಜಪಾನಿನ ಸಂಶೋಧಕರು ಅದನ್ನು ಬಿಡಿಸಿದರು. ಬೇರು ಕರೆಯುವುದು ಶತ್ರುವನ್ನಲ್ಲ; ಮಣ್ಣಿನಿಂದ ರಂಜಕವನ್ನು ತಂದುಕೊಡುವ ಉಪಕಾರಿಯಾದ ಒಂದು ಬೂಷ್ಟನ್ನು. ನೆಂಟರನ್ನು ಕೂಗಿ ಕರೆದ ದನಿ ಕಳ್ಳನ ಕಿವಿಗೂ ಬಿತ್ತು, ಅಷ್ಟೆ.

ಕರೆಯುವ ದ್ರವ್ಯ ಹತ್ತಿಯಲ್ಲಿಯೂ ಇದೆಯೆಂಬುದರಲ್ಲಿ ಒಂದು ಉಪಾಯ ಅಡಗಿದೆ. ಹತ್ತಿಯ ಬೇರಿನ ಕರೆಗೆ ಸ್ಟ್ರೈಗಾ ಬೀಜ ಏಳುತ್ತದೆ, ಆದರೆ ಆ ಬೇರನ್ನು ಹೊಕ್ಕು ಬದುಕುವ ಶಕ್ತಿ ಅದಕ್ಕಿಲ್ಲ. ಕೆಲವೇ ದಿನಗಳಲ್ಲಿ ಸಾಯುತ್ತದೆ. ಜೋಳದ ಮರುವರ್ಷ ಹತ್ತಿ ಹಾಕುವ ಎರೆಭೂಮಿಯ ಪದ್ಧತಿಗೆ ಹೀಗೊಂದು ಲಾಭವೂ ಇದೆ. 1956ರಲ್ಲಿ ಅಮೆರಿಕದ ಕ್ಯಾರೊಲಿನಾ ಸೀಮೆಗಳ ಮುಸುಕಿನ ಜೋಳದ ಹೊಲಗಳಲ್ಲಿ ಈ ಕಳೆ ಕಾಣಿಸಿಕೊಂಡಾಗ ಅಲ್ಲಿಯವರು ಇನ್ನೂ ಮುಂದಕ್ಕೆ ಹೋದರು. ಬಾಳೆಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲಕ್ಕೂ ಸ್ಟ್ರೈಗಾ ಬೀಜ ಏಳುತ್ತದೆಂದು ಕಂಡುಕೊಂಡು, ಬೆಳೆಯಿಲ್ಲದ ನೆಲದೊಳಕ್ಕೆ ಅದನ್ನು ಚುಚ್ಚಿ ಬಿಟ್ಟರು. ಎದ್ದ ಬೀಜಕ್ಕೆ ಆಶ್ರಯವಿಲ್ಲ. ಲಕ್ಷಗಟ್ಟಲೆ ಎಕರೆಗಳಿಗೆ ಹಬ್ಬಿದ್ದ ಪಿಡುಗು ಹಲವು ದಶಕಗಳ ದುಡಿಮೆಯಿಂದ ಅತ್ಯಲ್ಪಕ್ಕೆ ಇಳಿದಿದೆ. ಅಷ್ಟು ಹಣವನ್ನು ಜೋಳದ ಹೊಲದ ಮೇಲೆ ಸುರಿಯುವ ಶಕ್ತಿ ಆಫ್ರಿಕದ ಅಥವಾ ಭಾರತದ ಸಣ್ಣ ರೈತನಿಗೆ ಎಲ್ಲಿಂದ ಬರಬೇಕು?

ಆದರೆ ಕಳೆಬೀಜದ ನಿದ್ರೆ ಮತ್ತು ಎಚ್ಚರ ಇಡೀ ದೇಶದ ಅನ್ನದ ಪ್ರಶ್ನೆಯಾಗಿ ಪರಿಣಮಿಸಿದ್ದು ಪಂಜಾಬ್, ಹರಿಯಾಣಗಳಲ್ಲಿ. ದಕ್ಷಿಣದ ಮನೆಗಳಲ್ಲಿ ಚಪಾತಿಯಾಗುವ ಗೋಧಿಯಲ್ಲಿಯೂ ಉತ್ತರದ ಪಾಲು ದೊಡ್ಡದೇ. ಆ ಸೀಮೆಯ ಗೋಧಿಯ ಪರಮಶತ್ರು ಫಲಾರಿಸ್ ಮೈನರ್ ಎಂಬ ಹುಲ್ಲು. ಹರಿಯಾಣದವರು ಅದನ್ನು ಮಂಡೂಸಿ ಎನ್ನುತ್ತಾರೆ. ಪಂಜಾಬಿನಲ್ಲಿ ಅದರ ಹೆಸರು ಗುಲ್ಲಿ ಡಂಡಾ, ಎಂದರೆ ಕನ್ನಡ ಹುಡುಗರ ಚಿನ್ನಿದಾಂಡು. ಕಡ್ಡಿಯ ತುದಿಯಲ್ಲಿ ಕುಳಿತ ಮೊಟುಕಾದ ತೆನೆಯನ್ನು ಕಂಡರೆ ಹೆಸರು ಒಪ್ಪುತ್ತದೆ ಎನ್ನಿಸದಿರದು. ಆದರೆ ಅದರ ಆಟ ಮಕ್ಕಳಾಟವಲ್ಲ. ಎಳೆಯ ಪೈರಿನಲ್ಲಿ ಅದಕ್ಕೂ ಗೋಧಿಗೂ ಭೇದ ತಿಳಿಯುವುದು ಪಳಗಿದ ಕಣ್ಣಿಗೆ ಮಾತ್ರ. ಬುಡದಲ್ಲಿ ತುಸು ಕೆಂಪು ಕಂಡರೆ ಅದು ಕಳೆ. ಗೋಧಿ ಹಣ್ಣಾಗುವ ಮೊದಲೇ ಅದು ಬಲಿತು, ಬೀಜ ಉದುರಿಸಿ, ತನ್ನ ಹಗೇವನ್ನು ತುಂಬಿಕೊಂಡಿರುತ್ತದೆ.

1960ರ ದಶಕದ ಕೊನೆಯಲ್ಲಿ ಗಿಡ್ಡ ಜಾತಿಯ ಹೊಸ ಗೋಧಿ ಬಂತು. ಅದರೊಡನೆ ಕಾಲುವೆ ಮತ್ತು ಕೊಳವೆಬಾವಿಗಳ ನೀರು, ರಾಸಾಯನಿಕ ಗೊಬ್ಬರ, ಗೋಧಿಗೆ ಮುಂಚೆ ಅದೇ ನೆಲದಲ್ಲಿ ಭತ್ತ. ದೇಶದ ಕಣಜ ತುಂಬಿತು. ಅದೇ ನೀರು, ಅದೇ ಗೊಬ್ಬರ ಮಂಡೂಸಿಗೂ ದೊರೆಯಿತು. ಎತ್ತರದ ಹಳೆಯ ಗೋಧಿಯ ನೆರಳೂ ಇಲ್ಲವಾಯಿತು. ಭತ್ತದ ಕೆಸರಿನಲ್ಲಿ ನಾಲ್ಕು ತಿಂಗಳು ಹೂತಿದ್ದರೂ ಅದರ ಬೀಜ ಕೊಳೆಯಲಿಲ್ಲ. 1970ರ ದಶಕದ ಕೊನೆಯಿಂದ ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕ ಬಳಕೆಗೆ ಬಂದು, ಸುಮಾರು ಹದಿನೈದು ವರ್ಷ ರೈತನು ನಿಶ್ಚಿಂತನಾಗಿದ್ದ. ವರ್ಷ ವರ್ಷವೂ ಅದೇ ಭತ್ತ, ಅದೇ ಗೋಧಿ, ಅದೇ ಔಷಧಿ. ಕೆಲವರು ಅದನ್ನು ಹೇಳಿದ ಪ್ರಮಾಣಕ್ಕಿಂತ ಕಡಿಮೆ ಹಾಕಿದರು; ಕೆಲವರು ಸಿಂಪಡಿಸುವ ಬದಲು ಮರಳಿನಲ್ಲೋ ಯೂರಿಯಾದಲ್ಲೋ ಕಲಸಿ ಎರಚಿದರು. ಕೋಟ್ಯಂತರ ಗಿಡಗಳಲ್ಲಿ ಎಲ್ಲೋ ಒಂದೊಂದು ಆ ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಪಡೆದೇ ಹುಟ್ಟಿರುತ್ತದೆ. ಉಳಿದುವೆಲ್ಲ ಸತ್ತಾಗ ಹೊಲ ಅದರ ಸಂತಾನದ್ದಾಯಿತು.

1990ರ ದಶಕದ ಮೊದಲಿನಲ್ಲಿ ಹಿಸಾರಿನ ಹರಿಯಾಣ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಔಷಧಿ ಸೋತಿದೆಯೆಂದು ಪ್ರಕಟಿಸುವ ವೇಳೆಗೆ ಹೊಲಗಳೇ ಅದನ್ನು ಸಾರುತ್ತಿದ್ದುವು. ಎರಡು ಪಟ್ಟು ಹೊಡೆದರೂ ಮಂಡೂಸಿ ಬಾಡಲಿಲ್ಲ. ಗೋಧಿಯನ್ನು ಮುಚ್ಚಿ ಬೆಳೆದ ಕಳೆಯ ನಡುವೆ ಕಾಳು ಸಿಗುವ ಆಸೆಯನ್ನೇ ತೊರೆದು, ಅನೇಕ ರೈತರು ಹಸಿ ಪೈರನ್ನೇ ಕೊಯ್ದು ದನಗಳಿಗೆ ಮೇವಾಗಿ ಹಾಕಿದರು. ಹಸುರು ಕ್ರಾಂತಿಯ ತವರಿನಲ್ಲಿ ತೆನೆಗಟ್ಟುವ ಗೋಧಿ ಕೊಟ್ಟಿಗೆ ಸೇರಿತೆಂದರೆ ಆ ಮನೆಗಳ ಸಂಕಟ ಎಷ್ಟಿರಬೇಕು! ಬೀಜಕ್ಕೆ, ಗೊಬ್ಬರಕ್ಕೆ, ನೀರಿಗೆ, ಔಷಧಿಗೆ ಹಾಕಿದ ಹಣವೆಲ್ಲ ಸಾಲದ ಪುಸ್ತಕದಲ್ಲಿ ಮಾತ್ರ ಉಳಿಯಿತು. 1997–98ರ ಸುಮಾರಿಗೆ ಹೊಸ ಕಳೆನಾಶಕಗಳು ಬಂದುವು, ಪರಿಸ್ಥಿತಿ ಸುಧಾರಿಸಿತು. ಅವುಗಳಲ್ಲಿ ಕೆಲವನ್ನು ಮಂಡೂಸಿ ಜಯಿಸುವುದಕ್ಕೆ ಮೊದಲಿನಷ್ಟು ವರ್ಷಗಳೂ ಬೇಕಾಗಲಿಲ್ಲ.

ಆಗ ಸಂಶೋಧಕರ ದೃಷ್ಟಿ ಎಲೆಯಿಂದ ಬೀಜದ ಕಡೆಗೆ ತಿರುಗಿತು. ಮಂಡೂಸಿಯ ಹೊಸ ಬೀಜ ಬೇಸಗೆಯಲ್ಲಿ ಏಳುವುದಿಲ್ಲ. ಉದುರಿದ ಕೆಲವು ತಿಂಗಳುಗಳು ಅದಕ್ಕೆ ಕಡ್ಡಾಯದ ನಿದ್ರೆ. ಆಮೇಲೆಯೂ ಅದಕ್ಕೆ ತಂಪು ಬೇಕು. ಹಗಲಿರುಳಿನ ಸರಾಸರಿ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವ ನವೆಂಬರಿನ ನಡುಭಾಗದಿಂದಾಚೆಗೆ ಅದು ಮುಗಿಬಿದ್ದು ಏಳುತ್ತದೆ. ಗೋಧಿಯಾದರೋ ಅದಕ್ಕಿಂತ ತುಸು ಬೆಚ್ಚಗಿದ್ದಾಗಲೇ ಚೆನ್ನಾಗಿ ಮೊಳೆಯಬಲ್ಲುದು. ಹೀಗಾಗಿ ಅಕ್ಟೋಬರ್ ಕೊನೆಯ ವಾರದಲ್ಲಿ ಬಿತ್ತಿದ ಗೋಧಿಗೆ ಎರಡು ಮೂರು ವಾರಗಳ ಹಿರಿತನ ದೊರೆಯುತ್ತದೆ. ಕಳೆ ಏಳುವಷ್ಟರಲ್ಲಿ ನೆಲಕ್ಕೆ ನೆರಳು ಬಿದ್ದಿರುತ್ತದೆ. ನವೆಂಬರ್ ಕೊನೆಯಲ್ಲಿ ಬಿತ್ತಿದವನ ಹೊಲದಲ್ಲಿ ಇಬ್ಬರೂ ಅವಳಿ ಮಕ್ಕಳಂತೆ ಒಟ್ಟಿಗೆ ಏಳುತ್ತಾರೆ. ಮುಂದಿನ ಜಗಳದಲ್ಲಿ ಗೆಲ್ಲುವವರು ಯಾರೆಂದು ಹೇಳಬೇಕಾಗಿಲ್ಲ.

ಎರಡನೆಯ ಸಂಗತಿ ಉಳುಮೆಗೆ ಸೇರಿದ್ದು. ಮಂಡೂಸಿಯ ಬೀಜ ಬಹಳ ಸಣ್ಣದಾದ್ದರಿಂದ ಮೇಲಿನ ನಾಲ್ಕೈದು ಸೆಂಟಿಮೀಟರ್ ಮಣ್ಣಿನಿಂದಲೇ ಅದರ ಮೊಳಕೆಗಳಲ್ಲಿ ಹೆಚ್ಚಿನವು ಬರುತ್ತವೆ. ಆಳದಲ್ಲಿದ್ದುದು ಮೇಲಕ್ಕೆ ಬರುವಷ್ಟು ಬುತ್ತಿಯನ್ನು ಹೊತ್ತಿರುವುದಿಲ್ಲ. ಭತ್ತದ ಕೊಯ್ಲಿನ ಮೇಲೆ ಆರೆಂಟು ಸಲ ಟ್ರಾಕ್ಟರ್ ಹೊಡೆದು ಮಣ್ಣನ್ನು ಹಿಟ್ಟುಮಾಡುವ ರೂಢಿ, ಮಲಗಿದ್ದ ಬೀಜಗಳನ್ನು ಮೇಲಕ್ಕೆ ತಂದು, ಗಾಳಿ ಬೆಳಕು ಕೊಟ್ಟು, ಹಾಸಿಗೆಯನ್ನೂ ಹಾಸಿಕೊಟ್ಟಂತಾಗುತ್ತಿತ್ತು. ನೆಲವನ್ನು ಉಳದೆ, ಸಣ್ಣ ಸೀಳು ಮಾತ್ರ ಮಾಡಿ ಗೋಧಿಯನ್ನು ಇಳಿಸುವ ಕೂರಿಗೆಯನ್ನು 1990ರ ದಶಕದ ಉತ್ತರಾರ್ಧದಲ್ಲಿ ಹರಿಯಾಣದ ರೈತರ ಹೊಲಗಳಿಗೇ ಒಯ್ದರು. ಉಳದೆ ಬಿತ್ತುವುದೆಂದರೆ ಸೋಮಾರಿಯ ಬೇಸಾಯವೆಂಬ ಭಾವನೆ ಎಲ್ಲ ಕಡೆಗಳಲ್ಲಿಯೂ ಇರುವುದೇ. ಆದರೆ ಸಾಲುಗಳ ನಡುವೆ ಅಲುಗಿಸದೆ ಬಿಟ್ಟ ನೆಲದಲ್ಲಿ ಮಂಡೂಸಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಡೀಸೆಲಿನ ಹಣ ಉಳಿಯಿತು. ಬಿತ್ತನೆಯೂ ಹತ್ತು ಹದಿನೈದು ದಿನ ಹಿಂದಕ್ಕೆ ಸರಿಯಿತು. ಹೀಗೆ ಎರಡು ಲಾಭಗಳೂ ಒಂದೇ ಕೂರಿಗೆಯಿಂದ ಒದಗಿದುವು.

ಇದಕ್ಕೆ ತದ್ವಿರುದ್ಧವಾದ ಹಳೆಯ ಉಪಾಯವನ್ನೂ ಅಲ್ಲಿಯ ರೈತರು ಬಿಟ್ಟಿಲ್ಲ. ಬಿತ್ತುವುದಕ್ಕೆ ಮುಂಚೆ ಹೊಲಕ್ಕೆ ನೀರು ಕಟ್ಟಿ, ಕಳೆ ಎದ್ದ ಮೇಲೆ ಉತ್ತು ಕೊಂದು, ಅನಂತರ ಬಿತ್ತುವುದು. ರಾಗಿಯ ಹೊಲದ ಕುಂಟೆಯ ಕೆಲಸವೇ ಇದು. ಆದರೆ ಅದಕ್ಕೆ ಸಮಯ ಬೇಕು, ಅಲ್ಲಿ ಇಲ್ಲದಿರುವುದು ಅದೇ. ಅಂತರ್ಜಲ ಬತ್ತುತ್ತಿದೆಯೆಂದು 2009ರಲ್ಲಿ ಎರಡು ರಾಜ್ಯಗಳೂ ಭತ್ತದ ನಾಟಿಯನ್ನು ಮಳೆಗಾಲದ ಸಮೀಪಕ್ಕೆ ತಳ್ಳುವ ಕಾನೂನು ಮಾಡಿದುವು. ನೀರಿನ ದೃಷ್ಟಿಯಿಂದ ಅದು ಸರಿಯಾದ ಕಾನೂನೇ. ನಾಟಿ ತಡವಾದಂತೆ ಕೊಯ್ಲೂ ತಡವಾಯಿತು. ಭತ್ತಕ್ಕೂ ಗೋಧಿಗೂ ನಡುವೆ ಉಳಿದ ದಿನಗಳು ಬೆರಳೆಣಿಕೆಯವಾದುವು. ಅವಸರದಲ್ಲಿ ಕೂಳೆಗೆ ಬೆಂಕಿಯಿಡುವುದು ಹೆಚ್ಚಿತು. ದಿಲ್ಲಿಯ ಮಕ್ಕಳನ್ನು ಕೆಮ್ಮಿಸುವ ನವೆಂಬರಿನ ಹೊಗೆಯಲ್ಲಿ ಒಂದು ಪಾಲು ಹೀಗೆ ಬಂದುದು. ಹುಲ್ಲನ್ನು ಸುಡದೆ ಕತ್ತರಿಸಿ ನೆಲದ ಮೇಲೆಯೇ ಹರಡಿ, ಅದರ ನಡುವೆಯೇ ಬಿತ್ತುವ ಹ್ಯಾಪಿ ಸೀಡರ್ ಎಂಬ ಯಂತ್ರ ಲೂಧಿಯಾನದ ಕೃಷಿ ವಿಶ್ವವಿದ್ಯಾನಿಲಯ ಮತ್ತು ಆಸ್ಟ್ರೇಲಿಯದ ಸಂಶೋಧಕರ ಜೊತೆಗೂಡಿದ ಪ್ರಯತ್ನದಿಂದ ರೂಪುಗೊಂಡಿದೆ. ಹಾಗೆ ಹಾಸಿದ ಹುಲ್ಲು ದಪ್ಪವಾಗಿದ್ದರೆ ಬೆಳಕನ್ನು ತಡೆದು ಕಳೆಯ ಮೊಳಕೆಯನ್ನೂ ಅದುಮುತ್ತದೆ. ಯಂತ್ರದ ಬೆಲೆ, ಅದನ್ನೆಳೆಯುವ ದೊಡ್ಡ ಟ್ರಾಕ್ಟರ್ ಇವು ಸಣ್ಣ ಹಿಡುವಳಿಯವನ ಕೈಗೆಟುಕುವುದು ಸುಲಭವಲ್ಲ. ಬಾಡಿಗೆಗೆ ದೊರೆತರೂ ಎಲ್ಲರಿಗೂ ಬೇಕಾಗುವುದು ಅದೇ ಹದಿನೈದು ದಿನಗಳಲ್ಲಿ.

ಬೆಳೆಯನ್ನು ಬದಲಿಸಿದವರಿಗೆ ಇಷ್ಟು ತೊಂದರೆಯಿಲ್ಲ. ಗೋಧಿಯ ಬದಲು ಒಂದು ವರ್ಷ ಬರ್ಸೀಮ್ ಎಂಬ ಮೇವಿನ ಸೊಪ್ಪನ್ನು ಹಾಕಿದರೆ ಅದನ್ನು ಚಳಿಗಾಲವೆಲ್ಲ ಮತ್ತೆ ಮತ್ತೆ ಕೊಯ್ಯುತ್ತಾರೆ. ಜೊತೆಯಲ್ಲಿ ಎದ್ದ ಮಂಡೂಸಿಯ ಕತ್ತೂ ಪ್ರತಿ ಸಲ ಹೋಗುತ್ತದೆ. ಬೀಜ ಕಟ್ಟುವುದಕ್ಕೆ ಅವಕಾಶವೇ ಸಿಗದು. ಕಬ್ಬು, ಆಲೂಗೆಡ್ಡೆ, ಸಾಸಿವೆ ಬೆಳೆದ ಹೊಲಗಳಲ್ಲಿಯೂ ಔಷಧಿಯನ್ನು ಗೆದ್ದ ಕಳೆ ಕಡಿಮೆಯಾಗಿಯೇ ಕಂಡುಬಂದಿತು. ಆದರೆ ಸರಕಾರ ಖಚಿತವಾದ ಬೆಲೆಗೆ ಕೊಳ್ಳುವುದು ಭತ್ತ, ಗೋಧಿಗಳನ್ನು. ಬೇರೆ ಬೆಳೆಯ ಧಾರಣೆ ಇಂದು ಏರಿದರೆ ನಾಳೆ ಇಳಿಯುತ್ತದೆ. ಹಗೇವು ಖಾಲಿಯಾಗಲೆಂದು ಮನೆಯ ವರಮಾನವನ್ನು ಪಣಕ್ಕೊಡ್ಡುವುದು ಯಾರಿಗಾದರೂ ಸುಲಭವೆ?

ಉಳದೆ ಬಿತ್ತುವ ಪದ್ಧತಿಯೂ ಕೊನೆಯ ಮಾತಾಗಲಿಲ್ಲ. ಮಂಡೂಸಿ ಮಲಗಿದ ಹೊಲಗಳಲ್ಲಿ ರ್ಯೂಮೆಕ್ಸ್ ಎಂಬ ಅಗಲವಾದ ಎಲೆಯ ಕಳೆ, ಅಲ್ಲಿಯವರು ಕಾಡುಪಾಲಕ್ ಎಂದು ಕರೆಯುವಂತಹುದು, ಮೊದಲಿಗಿಂತ ಹೆಚ್ಚಾಗಿ ತಲೆಯೆತ್ತಿತು. ಅದರ ಬೀಜ ಹಗುರವಾದುದು. ಭತ್ತದ ಗದ್ದೆಯ ನೀರಿನಲ್ಲಿ ತೇಲಿ, ನೀರಿಳಿದಾಗ ಮಣ್ಣಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಉತ್ತಾಗ ಆಳಕ್ಕೆ ಹೂತುಹೋಗುತ್ತಿದ್ದ ಆ ಬೀಜಕ್ಕೆ, ಉಳದೆ ಬಿಟ್ಟ ನೆಲ ವರವಾಯಿತು. ಅಗಲ ಎಲೆಯ ಕಳೆಗೆ ಬೇರೆ ಔಷಧಿಗಳಿವೆಯೆಂಬುದಷ್ಟೇ ಸಮಾಧಾನ.

ಎಷ್ಟು ಉಪಾಯ ಮಾಡಿದರೂ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಮಂಡೂಸಿ ತಪ್ಪಿಸಿಕೊಂಡು ನಿಲ್ಲುತ್ತದೆ. ಫೆಬ್ರವರಿಯಲ್ಲಿ ತೆನೆ ಹೊರಟ ಮೇಲೆ ಅದನ್ನು ಗುರುತಿಸುವುದು ಸುಲಭ. ಮನೆಮಂದಿ ಸಾಲಿನೊಳಗೆ ಹೊಕ್ಕು ಒಂದೊಂದಾಗಿ ಕೀಳುತ್ತಾರೆ. ಕಿತ್ತುದು ವ್ಯರ್ಥವಾಗುವುದಿಲ್ಲ, ಎಮ್ಮೆಗಳಿಗೆ ಒಳ್ಳೆಯ ಮೇವು. ಆದರೆ ಕಾಳು ಬಲಿಯುವ ಮೊದಲೇ ಅದನ್ನು ಎಮ್ಮೆಯ ಮುಂದೆ ಹಾಕಬೇಕು. ಬಲಿತ ಮೇಲೆ ಹಾಕಿದರೆ ಅಗಿತಕ್ಕೆ ಸಿಕ್ಕದ ಕೆಲವು ಬೀಜಗಳು ಸಗಣಿಯೊಡನೆ ತಿಪ್ಪೆ ಸೇರಿ, ಮುಂದಿನ ಅಕ್ಟೋಬರಿನಲ್ಲಿ ಗೊಬ್ಬರದ ಗಾಡಿಯೇರಿ ಅದೇ ಹೊಲಕ್ಕೆ ಹಿಂದಿರುಗುತ್ತವೆ.